ಆಟದ ಬದಲಿ ಸರ್ವರು

ಕಳಸ, ಮೂಡಿಗೆರೆಗಳ ಕಡೆ ಮಳೆ ಹಿಡಿಯಿತೆಂದರೆ ಮರ ಬಿದ್ದು ವಿದ್ಯುತ್ತು ಹೋಗುವುದೂ ಅದರ ಬೆನ್ನಿಗೇ ಇಂಟರ್‌ನೆಟ್ಟು ನಿಲ್ಲುವುದೂ ಹೊಸತಲ್ಲ. ಅಂಥ ಒಂದು ದಿನ ವಿದ್ಯಾರ್ಥಿಯೊಬ್ಬನು ಕೇಳಿದನು: “ಸಾರ್, ದುಡ್ಡು ಕೊಟ್ಟು ಕೊಂಡ ಆಟ ನನ್ನ ಲ್ಯಾಪ್‌ಟಾಪಿನಲ್ಲಿಯೇ ಇದೆ. ಕಂಪೆನಿಯ ಸರ್ವರು ಸಿಕ್ಕದಿದ್ದರೆ ಮಾತ್ರ ತೆರೆಯುವುದೇ ಇಲ್ಲ. ಅಂಥದೇ ಸರ್ವರನ್ನು ನಾವು ಮನೆಯಲ್ಲಿ ಮಾಡಿಕೊಂಡರೆ ತಪ್ಪೇ?”

ಇದರಲ್ಲಿ ಎರಡು ಪ್ರಶ್ನೆಗಳುಂಟು: ಮಾಡಲು ಸಾಧ್ಯವೆ? ಮಾಡಬಹುದೆ?

ಮೊದಲನೆಯದಕ್ಕೆ ಭೌತವಿಜ್ಞಾನದ ಪಾಠವೊಂದು ನೆರವಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಂದರಿಂದ ಎರಡು ತಂತಿಗಳು ಮಾತ್ರ ಹೊರಬಂದಿವೆಯೆನ್ನಿ. ಒಳಗೆ ವಿದ್ಯುತ್ಕೋಶಗಳೂ ರೋಧಕಗಳೂ ಹೇಗೆಯೇ ಜೋಡಣೆಯಾಗಿರಲಿ, ಒಂದೇ ಕೋಶ, ಒಂದೇ ರೋಧಕದಿಂದ ಹೊರಗೆ ಅದೇ ಫಲವನ್ನು ಕೊಡುವ ಇನ್ನೊಂದು ಪೆಟ್ಟಿಗೆಯನ್ನು ರಚಿಸಬಹುದು. ಸರ್ವರಿನ ಅನುಕರಣವೂ ಹೀಗೆಯೇ. ಆಟವು ಏನು ಕೇಳುತ್ತದೆ, ಸರ್ವರು ಏನು ಉತ್ತರಿಸುತ್ತದೆ ಎಂಬುದನ್ನು ಗಮನಿಸಿ, ಅದೇ ಉತ್ತರಗಳನ್ನು ಕೊಡುವ ಹೊಸ ಪ್ರೋಗ್ರಾಮನ್ನು ಬರೆಯುವುದು. ಮೂಲ ಸರ್ವರಿನ ಒಂದು ಸಾಲನ್ನೂ ನಕಲು ಮಾಡಬೇಕಾಗಿಲ್ಲ. ನಿಂಟೆಂಡೊ ಕಂಪೆನಿಯು ‘ವೀ’, ‘ಡಿಎಸ್’ ಯಂತ್ರಗಳ ಇಂಟರ್‌ನೆಟ್ ಆಟದ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸಿದಾಗ, ಆಟಗಾರರು ಇಂಥ ಬದಲಿ ಸರ್ವರುಗಳಿಂದಲೇ ಆಟವನ್ನು ಮುಂದುವರಿಸಿದರು.

ತೊಡಕಿರುವುದು ಎರಡನೆಯ ಪ್ರಶ್ನೆಯಲ್ಲಿ. ಅಮೆರಿಕದ ಬ್ಲಿಝರ್ಡ್ ಕಂಪೆನಿಯ ‘ಬ್ಯಾಟಲ್.ನೆಟ್’ ಸೇವೆಗೆ ಬದಲಾಗಿ ಹವ್ಯಾಸಿಗಳು ‘ಬಿನೆಟ್‌ಡಿ’ ಎಂಬ ಸರ್ವರನ್ನು ಬರೆದು ಉಚಿತವಾಗಿ ಹಂಚಿದರು. ಮೂಲ ಸರ್ವರು ಪ್ರತಿಯೊಂದು ಆಟದ ಗುರುತುಸಂಖ್ಯೆಯನ್ನು ಪರೀಕ್ಷಿಸಿ ಕಳ್ಳಪ್ರತಿಗಳನ್ನು ಹೊರಗಿಡುತ್ತಿತ್ತು. ಬದಲಿ ಸರ್ವರಿನಲ್ಲಿ ಆ ಪರೀಕ್ಷೆ ಇರಲಿಲ್ಲ. ವ್ಯಾಜ್ಯವು 2002ರಲ್ಲಿ ಆರಂಭವಾಯಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯವು ಹವ್ಯಾಸಿಗಳು ಆಟದ ರಕ್ಷಣೆಯ ಬೀಗವನ್ನು ತಪ್ಪಿಸಿದರೆಂದೂ, ಒಪ್ಪಿಕೊಂಡ ಕರಾರನ್ನು ಮುರಿದರೆಂದೂ ತೀರ್ಪಿತ್ತಿತು.

ನಮ್ಮ ದೇಶದ ಕಾನೂನು ಬೇರೊಂದು ಬಗೆಯದು. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1999ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಪ್ರೋಗ್ರಾಮನ್ನು ನ್ಯಾಯವಾಗಿ ಹೊಂದಿದವನು, ತಾನು ಸ್ವತಂತ್ರವಾಗಿ ರಚಿಸಿದ ಪ್ರೋಗ್ರಾಮನ್ನು ಅದರೊಡನೆ ಹೊಂದಿಸಲು ಅಗತ್ಯವಾದ ಮಾಹಿತಿಯನ್ನು ಪಡೆಯಬಹುದು. ಆದರೆ ಆ ಮಾಹಿತಿಯು ಬೇರೆ ಕಡೆ ಸುಲಭವಾಗಿ ದೊರೆಯುವಂತಿರಬಾರದು. 2012ರಲ್ಲಿ ಸೇರಿಸಿದ 65ಎ ಕಲಮಿನಂತೆ ರಕ್ಷಣೆಯ ಬೀಗವನ್ನು ತಪ್ಪಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸವೂ ದಂಡವೂ ಉಂಟು. ಆದರೆ ಇದಕ್ಕೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶವಿರಬೇಕು. ಉದ್ದೇಶವನ್ನು ಕೇಳುವುದೇ ನಮ್ಮ ಕಾನೂನಿನ ವಿಶೇಷ.

ಆದುದರಿಂದ ಆ ಹುಡುಗನಿಗೆ ಹೀಗೆಂದೆನು: “ತೋಟದ ಗೇಟಿನ ಬೀಗದ ಕೈ ಕಳೆದುಹೋದರೆ ಯಜಮಾನನು ಇನ್ನೊಂದನ್ನು ಮಾಡಿಸಿಕೊಳ್ಳುವುದು ಬೇರೆ, ಕೊಯ್ಲಿನ ಕಾಲದಲ್ಲಿ ಕಾಫಿ ಕಳ್ಳನಿಗೆ ಮಾಡಿಕೊಡುವುದು ಬೇರೆ. ಕಮ್ಮಾರನ ಕೆಲಸ ಎರಡರಲ್ಲಿಯೂ ಒಂದೇ. ನೀನು ಕೊಂಡಾಗ ಒಪ್ಪಿದ ಕರಾರನ್ನು ಮೊದಲು ಓದು. ಆಮೇಲೆ ಕೈ ಯಾರಿಗಾಗಿ ಎಂಬುದನ್ನು ನೀನೇ ಕೇಳಿಕೋ.”