ಹೆಸರಿಲ್ಲದ ಕೊಲ್ಲಿಗೊಂದು ಹೆಸರು

ಸಿದ್ದಾಪುರದ ಸೀಮೆಯಲ್ಲಿ ಘಟ್ಟವಿಳಿದು ಬರುವ ವಾರಾಹಿಯು ಗಂಗೊಳ್ಳಿಯ ಬಳಿ ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳೊಡನೆ ಕಲೆತು ಕಡಲನ್ನು ಸೇರುತ್ತದೆ. ಆ ಸಂಗಮಕ್ಕೆ ನಮ್ಮ ಹಿರಿಯರಿಟ್ಟ ಹೆಸರು ಪಂಚಗಂಗಾವಳಿ. ಹೆಸರನ್ನು ಕೇಳಿದೊಡನೆ ಸ್ಥಳದ ಸ್ವರೂಪ ಕಣ್ಣಿಗೆ ಕಟ್ಟುತ್ತದೆ. ನೀರಿನ ನೆರೆಯಲ್ಲಿ ಬಾಳಿದವರಿಟ್ಟ ಹೆಸರಿನ ಗುಣವದು. ಆದರೆ ಮನುಷ್ಯರೇ ನೆಲಸದ ಕಡೆ ಹೆಸರು ಹುಟ್ಟುವ ಬಗೆ ಎಂತಹುದು?

ಪೂರ್ವ ಅಂಟಾರ್ಕ್ಟಿಕದ ಪ್ರಿಡ್ಜ್ ಕೊಲ್ಲಿಯನ್ನು ನೋಡೋಣ. 1931ರ ಆರಂಭದಲ್ಲಿ ನಾರ್ವೆಯ ತಿಮಿಂಗಿಲ ಬೇಟೆಗಾರರೂ ಡಗ್ಲಾಸ್ ಮಾಸನ್ನನ ಯಾತ್ರಾತಂಡದವರೂ ಇದರ ಕೆಲವು ಭಾಗಗಳನ್ನು ಕಂಡರು. 1935ರಲ್ಲಿ ಕ್ಲಾರಿಯಸ್ ಮಿಕೆಲ್ಸನ್ ಎಂಬ ಕಪ್ತಾನನು 'ಥೋರ್ಸ್‌ಹಾವ್ನ್' ಹಡಗಿನಲ್ಲಿ ಬಂದು ಈ ತೀರವನ್ನು ಪರಿಶೋಧಿಸಿದನು. ಕೊಲ್ಲಿಗೆ ಸಂದದ್ದು ಓಲಾಫ್ ಪ್ರಿಡ್ಜ್ ಎಂಬವನ ಹೆಸರು. ಆತ ನಾವಿಕನಲ್ಲ, ವಿಜ್ಞಾನಿಯೂ ಅಲ್ಲ. ಸಾಂಡೆಫ್ಯೋರ್ಡ್ ಪಟ್ಟಣದಲ್ಲಿದ್ದ ತಿಮಿಂಗಿಲ ಬೇಟೆಗಾರರ ವಿಮಾ ಸಂಘದ ವ್ಯವಸ್ಥಾಪಕ! ಪಕ್ಕದ ಕರಾವಳಿಗೆ ಹಡಗುಗಳ ಒಡೆಯ ಲಾರ್ಸ್ ಕ್ರಿಸ್ಟೆನ್ಸನ್ನನ ಪತ್ನಿ ಇಂಗ್ರಿಡಳ ಹೆಸರು. ಒಂದು ಬೆಟ್ಟಕ್ಕೆ ಕಪ್ತಾನನ ಪತ್ನಿ ಕ್ಯಾರೊಲಿನಳ ಹೆಸರು. ಹಿಮದ ಗುಣವನ್ನಾಗಲಿ ಗಾಳಿಯ ಗುಣವನ್ನಾಗಲಿ ಈ ಹೆಸರುಗಳು ಹೇಳವು. ಹಡಗು ಯಾರ ಹಣದಿಂದ, ಯಾರ ಭರವಸೆಯ ಮೇಲೆ ಹೊರಟಿತ್ತೆಂಬುದನ್ನು ಮಾತ್ರ ಹೇಳುತ್ತವೆ.

ನಕ್ಕು ಬಿಡುವ ಮೊದಲು ನಮ್ಮ ಕಡೆಗೂ ನೋಡಬೇಕು. ಭಾರತವು ಅಂಟಾರ್ಕ್ಟಿಕದಲ್ಲಿ ನಿರ್ಮಿಸಿದ ಮೊದಲ ನೆಲೆಗೆ ನಾವಿಟ್ಟ ಹೆಸರು ದಕ್ಷಿಣ ಗಂಗೋತ್ರಿ. ಅದು ಹಿಮದಲ್ಲಿ ಹೂತುಹೋಯಿತು. ಪ್ರಿಡ್ಜ್ ಕೊಲ್ಲಿಯ ದಡದ ಲಾರ್ಸೆಮನ್ ಗುಡ್ಡಗಳಲ್ಲಿ 2012ರಲ್ಲಿ ಆರಂಭವಾದ ನೆಲೆಗೆ 'ಭಾರತಿ' ಎಂದು ಹೆಸರು. ದೂರ ಹೋದವನು ಮನೆಯನ್ನೇ ನೆನೆಯುತ್ತಾನೆ. ಆದರೆ ಇಲ್ಲಿ ನೆನಪಿಗೊಂದು ಆಧಾರವೂ ಉಂಟು: ಕೋಟ್ಯಂತರ ವರ್ಷಗಳ ಹಿಂದೆ, ಗೊಂಡ್ವಾನಾ ಖಂಡ ಒಡೆಯುವ ಮುನ್ನ, ನಮ್ಮ ಪೂರ್ವ ಕರಾವಳಿ ಈ ಭೂಭಾಗಕ್ಕೇ ಅಂಟಿಕೊಂಡಿತ್ತು. ಆ ಮಹಾಖಂಡದ ಹೆಸರೂ ನಮ್ಮ ಗೊಂಡರ ನಾಡಿನಿಂದಲೇ ಬಂದುದು.

ಹೆಸರಿಟ್ಟವನು ಒಡೆಯನಾಗುವನೇ? ಇಲ್ಲಿ ಹಾಗಾಗಲಿಲ್ಲ. 1959ರ ಅಂಟಾರ್ಕ್ಟಿಕ ಒಪ್ಪಂದವು ಹಕ್ಕುದಾರಿಕೆಗಳನ್ನೆಲ್ಲ ಇದ್ದಲ್ಲಿಯೇ ತಡೆದು ನಿಲ್ಲಿಸಿತು. 1983ರಲ್ಲಿ ಭಾರತವೂ ಅದನ್ನು ಸೇರಿತು. 1994ರಲ್ಲಿ ದಕ್ಷಿಣ ಮಹಾಸಾಗರವು ತಿಮಿಂಗಿಲಗಳ ಅಭಯಧಾಮವೆಂದು ಘೋಷಿತವಾಯಿತು. ಬೇಟೆಯ ಹಡಗುಗಳಿಗೆ ವಿಮೆ ಒದಗಿಸಿದವನ ಹೆಸರು ಹೊತ್ತ ಕೊಲ್ಲಿಯಲ್ಲಿ ಇಂದು ಬೇಟೆಯ ಪ್ರಾಣಿಗೇ ಅಭಯ. ಹೆಸರು ಹಳೆಯದಾಗಿಯೇ ಉಳಿಯಿತು, ಅರ್ಥ ಬದಲಾಯಿತು.