ಗೋಲು ಹೊಡೆದ ಬೋಪಣ್ಣ ಯಾರು?

ರಾತ್ರಿ ಬಿದ್ದ ಮಳೆಗೆ ಹುಲ್ಲು ಇನ್ನೂ ತೊಯ್ದೇ ಇದೆ. ಮೈದಾನದಾಚೆಯ ಸಿಲ್ವರ್ ಓಕ್ ಮರಗಳ ನಡುವೆ ಮಂಜು ಕರಗುತ್ತಿದೆ. ಗ್ಯಾಲರಿಯ ಹಿಂದಿನ ಅಂಗಡಿಯಲ್ಲಿ ಅಡುಗೆಯ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಬಿಸಿ ಹಬೆಯ ಜೊತೆ ಹುರಿದ ಕಾಳುಮೆಣಸಿನ ಘಾಟು ಮೂಗಿಗೆ ಬಡಿಯುತ್ತದೆ. ಇಬ್ಬರು ಹುಡುಗರು ಸುಣ್ಣದ ಗೆರೆಯನ್ನು ಮತ್ತೆ ಎಳೆಯುತ್ತಿದ್ದಾರೆ, ಮೈಕಿನಲ್ಲಿ ಯಾರೋ ಕೊಡವ ತಕ್ಕಿನಲ್ಲಿ ಮುಂದಿನ ಪಂದ್ಯದ ತಂಡಗಳನ್ನು ಕರೆಯುತ್ತಿದ್ದಾರೆ, ಚೆಂಡಿಗೆ ಸ್ಟಿಕ್ ತಾಗುವ ಟಕ್ ಟಕ್ ಸದ್ದು ಪಕ್ಕದ ಮೈದಾನದಿಂದಲೂ ಕೇಳಿಸುತ್ತಿದೆ. ಇದು ಕೊಡಗಿನ ನಾಪೋಕ್ಲು, 2024ರ ಏಪ್ರಿಲ್. ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆದಿದೆ. ಗ್ಯಾಲರಿಯ ಮೆಟ್ಟಿಲು ಬೇಡ, ಬನ್ನಿ, ಸೈಡ್‌ಲೈನ್ ಪಕ್ಕದ ಹುಲ್ಲಿನ ಮೇಲೇ ಕೂರೋಣ. ಪಂದ್ಯದ ವರದಿ ಬರೆಯಲು ಬಂದ ಹುಡುಗಿ ಕೂತಿರುವುದೂ ಅಲ್ಲೇ.

ಮಡಿಕೇರಿಯಿಂದ ಮೊದಲ ಬಸ್ಸಿಗೇ ಬಂದಿದ್ದಾಳೆ. ಕೊರಳಿಗೆ ಪತ್ರಿಕೆಯ ಗುರುತಿನ ಚೀಟಿ ಇಲ್ಲ, ಯಾವ ಸಂಸ್ಥೆಯ ಸಂಬಳವೂ ಇಲ್ಲ. ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್, ಮಳೆಗೆ ಇಂಕು ಕದಡುತ್ತದೆಂದು ಪೆನ್ನಿನ ಬದಲು ಪೆನ್ಸಿಲ್, ಚೀಲದಲ್ಲಿ ಪವರ್ ಬ್ಯಾಂಕ್, ಒಂದು ಕೊಡೆ. ಪುಟದ ಎಡಕ್ಕೆ ನಿಮಿಷ, ನಡುವೆ ನಡೆದದ್ದು, ಬಲಕ್ಕೆ ಕಿರಿದಾದ ಇನ್ನೊಂದು ಸಾಲು. ಆ ಸಾಲಿನಲ್ಲಿ ಅವಳು ಬರೆಯುವುದು ಆಟದ ಲೆಕ್ಕವಲ್ಲ. ಒಂದು ಕಡೆ ‘ಅಮ್ಮನ ಶೂ ಹೊಸದು’ ಎಂದಿದೆ. ಅದರ ಕೆಳಗೆ ‘ಮಗ ಬೈಸಿಕೊಂಡ’.

ಕೆಂಪು ಅಂಗಿಯ ತಂಡದ ಹಿಂಬದಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದಾರೆ, ಮುಂದೆ ಅವರದೇ ಮಗ. ಈ ಹಬ್ಬದಲ್ಲಿ ಹಾಗೇ. ಗಂಡಸರಾಗಲಿ ಹೆಂಗಸರಾಗಲಿ, ಒಂದೇ ಮನೆತನದವರು ಒಂದೇ ತಂಡವಾಗಿ ಆಡಬೇಕು. ಹೊಸ ವರದಿಗಾರ್ತಿಗೆ ಕಷ್ಟವಾಗುವುದೂ ಅದೇ. ಹನ್ನೊಂದು ಜನರ ಬೆನ್ನ ಮೇಲೂ ಒಂದೇ ಮನೆ ಹೆಸರು. ಹದಿನೇಳನೇ ನಿಮಿಷದಲ್ಲಿ ಗೋಲು ಬಿತ್ತು, ಮೈಕಿನಲ್ಲಿ ‘ಬೋಪಣ್ಣ’ ಎಂದರು. ತಂಡದಲ್ಲಿ ಬೋಪಣ್ಣಂದಿರು ಇಬ್ಬರು.

“ಅಂಕಲ್, ಗೋಲು ಹೊಡೆದಿದ್ದು ಯಾವ ಬೋಪಣ್ಣ?”

ಪಕ್ಕದಲ್ಲಿ ಕೂತ ಹಿರಿಯರು ಮೈದಾನದಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ನಂಬರ್ ಹಿಂದೆ ಹೋಗ್ಬೇಡಮ್ಮ. ಓಡೋದು ನೋಡು. ಎಡಗಾಲು ಸ್ವಲ್ಪ ಎಳೀತಾನಲ್ಲ, ಅವನು. ಇನ್ನೊಬ್ಬ ಇವನ ಚಿಕ್ಕಪ್ಪ, ಸ್ಟಿಕ್ ನೆಲಕ್ಕೆ ತಾಗಿಸ್ಕೊಂಡೇ ಓಡ್ತಾನೆ.”

ಅವಳು ಅದನ್ನೂ ಬರೆದುಕೊಂಡಳು. ಆಟ ಮುಗಿದ ಮೇಲೆ ಸ್ಕೋರರ್ ಮೇಜಿಗೆ ಹೋಗಿ, ತಂಡದ ಪಟ್ಟಿಯ ಫೋಟೊ ತೆಗೆದು, ಮನೆ ಹೆಸರಿನ ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಸರಿಯೇ ಎಂದು ಕೇಳಿದಳು. ಈ ಸೀಮೆಯ ಮನೆ ಹೆಸರುಗಳಲ್ಲಿ ಒಂದು ಒತ್ತು ತಪ್ಪಿದರೂ ಇಡೀ ಮನೆಗೆ ಬೇಸರ. ಬರೆಯುವವಳ ಮೇಲಿನ ನಂಬಿಕೆಯೂ ಅಲ್ಲಿಗೇ ಹೋಗುತ್ತದೆ.

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಈ ಹಬ್ಬ ಶುರು ಮಾಡಿದಾಗ ಆಡಿದ್ದು 60 ಕುಟುಂಬಗಳು. ವರ್ಷಕ್ಕೊಂದು ಮನೆತನ ಜವಾಬ್ದಾರಿ ಹೊತ್ತು ನಡೆಸುತ್ತದೆ, ಕಪ್ಪಿಗೂ ಅದೇ ಮನೆಯ ಹೆಸರು. ಈ ಸಲದ್ದು ಕುಂಡ್ಯೋಳಂಡ ಕಪ್, ಆಡುತ್ತಿರುವುದು 360 ಕುಟುಂಬಗಳು, ಗಿನ್ನೆಸ್ ದಾಖಲೆಗೂ ಸೇರಿದ ಸಂಖ್ಯೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಎಂ.ಪಿ. ಗಣೇಶ್, 1980ರಲ್ಲಿ ಮಾಸ್ಕೋದಿಂದ ಚಿನ್ನ ತಂದ ತಂಡದ ಎಂ.ಎಂ. ಸೋಮಯ್ಯ ಇದೇ ಜಿಲ್ಲೆಯ ಮನೆಗಳವರು. ಆ ಹಿರಿಯರನ್ನು ಕೇಳಿದರೆ ಇವರಿಬ್ಬರ ಆಟವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ, ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ.

ಇದೇ ತಿಂಗಳು ಬೆಂಗಳೂರಿನಲ್ಲಿ ಐಪಿಎಲ್ ನಡೆಯುತ್ತಿದೆ. 2023ರಿಂದ 2027ರವರೆಗಿನ ಅದರ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಲ್ಲಿನ ಪ್ರೆಸ್ ಬಾಕ್ಸ್‌ಗೆ ಸಂಸ್ಥೆಯ ಪತ್ರವಿಲ್ಲದವರು ಹೋಗುವುದು ಕಷ್ಟ. ಹೋದರೂ ಏಜೆನ್ಸಿಯ ಕಾಪಿ ಅದಕ್ಕೆ ಮೊದಲೇ ಡೆಸ್ಕ್ ತಲುಪಿರುತ್ತದೆ. ಕ್ರೀಡೆಯ ಬಗ್ಗೆ ಬರೆಯಬೇಕೆಂದು ಹೊರಡುವ ಹೆಚ್ಚಿನವರು ಮೊದಲು ನಿಲ್ಲುವುದು ಆ ಗೇಟಿನ ಮುಂದೆಯೇ. ನನಗೆ ಈ ಹುಡುಗಿಯ ದಾರಿಯೇ ಸರಿ ಅನ್ನಿಸುತ್ತದೆ. ಮಂಗಳವಾರ ಬೆಳಗಿನ ಮೊದಲ ಸುತ್ತಿನ ಪಂದ್ಯಕ್ಕೆ ನೋಟ್‌ಬುಕ್ ಹಿಡಿದು ಬರುವವರು ಎಷ್ಟು ಜನ? ಇಲ್ಲಿ ಕಂಡದ್ದು ಅವಳೊಬ್ಬಳ ಬಳಿಯೇ ಇರುತ್ತದೆ, ಹೊಸಬರಿಗೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ.

ಮಧ್ಯಾಹ್ನದ ಮೋಡ ಕಟ್ಟುವ ಹೊತ್ತಿಗೆ ಅವಳು ಬಸ್ ನಿಲ್ದಾಣದ ಕಟ್ಟೆ ಹಿಡಿದಿದ್ದಾಳೆ. ನೆಟ್‌ವರ್ಕ್ ಸಿಗುವುದು ಅಲ್ಲಿ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರ ಹೆಬ್ಬೆರಳಿನಿಂದ ಮೊಬೈಲಿನಲ್ಲೇ ಟೈಪು. ಫಲಿತಾಂಶಗಳದ್ದು ನಾಲ್ಕು ಸಾಲು, ಅದು ಜಿಲ್ಲಾ ಪುಟಕ್ಕೆ. ಸ್ಕೋರು ಆಗಲೇ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ, ಅದನ್ನಷ್ಟೇ ನಂಬಿ ಕೂತರೆ ಹೊಟ್ಟೆ ತುಂಬದು. ಆಮೇಲೆ ಒಂದು ಫೋಟೊ, ಅಡಿಯಲ್ಲಿ ಎಡದಿಂದ ಬಲಕ್ಕೆ ಹೆಸರು. ಕೊನೆಗೆ, ಭಾನುವಾರದ ಪುರವಣಿಯವರಿಗೆ ಎರಡೇ ಸಾಲಿನ ಮೆಸೇಜು: ‘ತಾಯಿ ಬ್ಯಾಕ್, ಮಗ ಫಾರ್ವರ್ಡ್. ಚೆಂಡು ಬಿಟ್ಟುಕೊಟ್ಟ ಮಗನಿಗೆ ಮೈದಾನದ ನಡುವೆಯೇ ಬೈದರು, ಗೋಲಾದ ಮೇಲೆ ಅವನ ಬೆನ್ನು ತಟ್ಟಿದರು. ಬರೆಯಲಾ ಸರ್?’ ಇಡೀ ಲೇಖನ ಬರೆದು ಕಳಿಸಿ ಕಾಯುವ ಬದಲು ಮೊದಲು ಕೇಳಿಬಿಡುವುದು ಈ ಕಸುಬಿನ ವಾಡಿಕೆ. ಒಂದೇ ಬರಹವನ್ನು ಇಬ್ಬರಿಗೆ ಕಳಿಸಬಾರದು, ಆದರೆ ಒಂದೇ ದಿನದಲ್ಲಿ ಮೂರು ಬರಹ ಕಾಣಬಹುದು.

ನೋಟ್‌ಬುಕ್ಕಿನ ಹಿಂಬದಿಯಿಂದ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಯಾರಿಗೆ ಏನು ಕಳಿಸಿದ್ದು, ಯಾವತ್ತು ಅಚ್ಚಾದದ್ದು, ಸಂಭಾವನೆ ಬಂತೋ ಇಲ್ಲವೋ. ಬರಹ ಅಚ್ಚಾದ ಎಷ್ಟೋ ವಾರಗಳ ಮೇಲೆ ದುಡ್ಡು ಬರುವುದು ಇಲ್ಲಿ ಮಾಮೂಲು. ಬಸ್ ಚಾರ್ಜು, ಊಟ, ಡೇಟಾ ಪ್ಯಾಕ್ ಎಲ್ಲವೂ ಆ ನಡುವೆ ಕೈಯಿಂದಲೇ ಹೋಗುತ್ತವೆ. ಹಾಗಾಗಿ ಸಂಜೆ ಎರಡು ಮನೆಗಳಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವುದನ್ನು ಅವಳು ಬಿಟ್ಟಿಲ್ಲ, ಇನ್ನೊಂದು ವರ್ಷ ಬಿಡುವುದೂ ಬೇಡ.

ಪುರವಣಿಯಿಂದ ಉತ್ತರ ಬಂತು: ‘ಆರು ನೂರು ಪದ. ಗುರುವಾರದೊಳಗೆ. ತಾಯಿಯ ಮಾತು ಬೇಕು.’ ಬಸ್ಸು ಬರಲು ಇನ್ನೂ ಹೊತ್ತಿದೆ. ತೊಟ್ಟಿಕ್ಕುತ್ತಿದ್ದ ಮಳೆಗೆ ಕೊಡೆ ಬಿಚ್ಚಿ, ಆ ಮನೆಯವರು ಊಟಕ್ಕೆ ಕೂತಿದ್ದ ಶಾಮಿಯಾನದ ಕಡೆ ಅವಳು ಬಿರಬಿರನೆ ಹೊರಟಳು. “ಆಂಟಿ, ಐದೇ ನಿಮಿಷ,” ಎಂದು ಶುರುಮಾಡಿದ್ದಷ್ಟೇ. “ಮೊದಲು ತಟ್ಟೆ ತಗೊ, ಆಮೇಲೆ ಕೇಳು,” ಎಂದರು ಆ ತಾಯಿ.