ಮುಂದಿನ ಸೋಂಕು ಬರುವ ಮೊದಲು ಮನೆತನದ ಚರಿತ್ರೆ ಬರೆದಿಡಿ

ಭೀಮೆಯ ದಂಡೆಯ ಮಣ್ಣೂರಿನಲ್ಲಿ ನೂರು ಜನರನ್ನು ಒಂದೆಡೆ ಕೂಡಿಸಿದರೆ, ದಕ್ಷಿಣ ಏಷ್ಯಾದ ಸರಾಸರಿಯ ಪ್ರಕಾರ ಅವರಲ್ಲಿ ಐವತ್ತರ ಆಸುಪಾಸು ಮಂದಿಯ ಮೂರನೇ ವರ್ಣತಂತುವಿನಲ್ಲಿ ಬಹು ಹಳೆಯದೊಂದು ಡಿಎನ್‌ಎ ತುಣುಕು ಇರುತ್ತದೆ. ಯುರೋಪಿನಲ್ಲಿ ಅಂಥವರು ನೂರಕ್ಕೆ ಹದಿನಾರು. ಬಾಂಗ್ಲಾದೇಶದಲ್ಲಿ ಅರವತ್ತಮೂರು. ಆಫ್ರಿಕಾದಲ್ಲಿ, ಪೂರ್ವ ಏಷ್ಯಾದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೋವಿಡ್ ತಗುಲಿದಾಗ ಈ ತುಣುಕು ಇದ್ದವರು ಆಸ್ಪತ್ರೆ ಸೇರುವ ಸಂಭವ ಉಳಿದವರಿಗಿಂತ ಸುಮಾರು 1.6 ಪಟ್ಟು ಎಂದು ವಿಜ್ಞಾನಿಗಳಾದ ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ 2020ರ ಸೆಪ್ಟೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ಸಿಕ್ಕ, ಸುಮಾರು 50,000 ವರ್ಷ ಹಿಂದೆ ಬದುಕಿದ್ದ ನಿಯಾಂಡರ್ತಾಲ್ ಹೆಣ್ಣಿನ ಎಲುಬಿನಲ್ಲೂ ಇದೇ ತುಣುಕಿತ್ತು. ಅಳಿದುಹೋದ ಆ ಮಾನವ ಬಗೆಯೊಂದಿಗೆ ಆದ ಬೆರಕೆಯಿಂದ ನಮ್ಮ ಪೂರ್ವಜರಿಗೆ ಬಂದದ್ದು ಇಂದಿಗೂ ನಮ್ಮೊಳಗಿದೆ.

ಕೋವಿಡ್ ಮುಗಿದ ಕಥೆ, ಈಗೇಕೆ ಈ ಮಾತು ಎಂದು ಕೇಳಬಹುದು. ಉಸಿರಾಟದ ವೈರಾಣುಗಳು ಮುಗಿದಿಲ್ಲ. 2009ರಲ್ಲಿ ಹೆಚ್1ಎನ್1 ಬಂತು, 2020ರಲ್ಲಿ ಕೊರೊನಾ ಬಂತು, 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರನ್ನು ಹೆಚ್3ಎನ್2 ಬಲಿ ತೆಗೆದುಕೊಂಡಿತು. ಇನ್ನೊಂದು ಬರುತ್ತದೆ. ಬಂದಾಗ ಯಾರ ಮೈಯಲ್ಲಿ ಅದು ನೆಗಡಿಯಾಗಿ ಹೋಗುತ್ತದೆ, ಯಾರಿಗೆ ದಮ್ಮು ಕಟ್ಟುತ್ತದೆ ಎಂಬುದನ್ನು ವಯಸ್ಸು, ಸಕ್ಕರೆ ಕಾಯಿಲೆಗಳ ಜೊತೆಗೆ ವಂಶವೂ ನಿರ್ಧರಿಸುತ್ತದೆ. ನಮ್ಮ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಊರುಗಳು ವಂಶದಿಂದ ಬರುವ ಈ ಅಪಾಯಕ್ಕೆ ಏನೇನೂ ಸಿದ್ಧವಾಗಿಲ್ಲ ಎಂಬುದೇ ನನ್ನ ಆತಂಕ.

ಆ ಹಳೆಯ ತುಣುಕು ಮಾಡುವುದೇನು? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಕೊಟ್ಟ ಉತ್ತರ ಹೀಗಿದೆ. ಅದರೊಳಗಿನ ಒಂದೇ ಅಕ್ಷರದ ವ್ಯತ್ಯಾಸ ಎಲ್‌ಝಡ್‌ಟಿಎಫ್‌ಎಲ್1 ಎಂಬ ಜೀನ್ ಹೆಚ್ಚು ದುಡಿಯುವಂತೆ ಮಾಡುತ್ತದೆ. ವೈರಾಣು ನುಗ್ಗಿದಾಗ ಶ್ವಾಸಕೋಶದ ಒಳಪದರದ ಕೋಶಗಳು ರೂಪ ಬದಲಿಸಿಕೊಂಡು, ವೈರಾಣು ಒಳಬರಲು ಬಳಸುವ ಗ್ರಾಹಿಗಳನ್ನು ಕಡಿಮೆ ಮಾಡಿಕೊಳ್ಳುತ್ತವೆ. ಈ ಜೀನ್ ಅತಿಯಾದರೆ ಆ ಬದಲಾವಣೆ ತಡವಾಗುತ್ತದೆ, ಹಾನಿ ಹೆಚ್ಚಾಗುತ್ತದೆ. ಇದರಲ್ಲೊಂದು ಸಮಾಧಾನವೂ ಇದೆ. ತೊಡಕಿರುವುದು ಶ್ವಾಸಕೋಶದ ಕೋಶಗಳಲ್ಲಿ, ರೋಗನಿರೋಧಕ ವ್ಯವಸ್ಥೆಯಲ್ಲಲ್ಲ. ಆದ್ದರಿಂದ ಲಸಿಕೆ ಇಂಥವರಿಗೂ ಎಲ್ಲರಷ್ಟೇ ರಕ್ಷಣೆ ಕೊಡುತ್ತದೆಂದು ಅದೇ ತಂಡ ಹೇಳಿತು.

ನನ್ನನ್ನು ಹೆಚ್ಚು ಕಾಡುವುದು ವಯಸ್ಸಿನ ಲೆಕ್ಕ. ಅರವತ್ತು ದಾಟಿದವರಲ್ಲಿ ಈ ತುಣುಕು ಸಾವು ಅಥವಾ ತೀವ್ರ ಉಸಿರಾಟದ ತೊಂದರೆಯ ಸಂಭವವನ್ನು ಒಂದೂವರೆ ಪಟ್ಟು ಮಾಡಿದರೆ, ಅರವತ್ತರೊಳಗಿನವರಲ್ಲಿ 2.7 ಪಟ್ಟು ಮಾಡುತ್ತದೆ ಎಂದು ಹಲವು ದೇಶಗಳ ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ 2021ರ ಅಧ್ಯಯನವೊಂದು ಕಂಡುಕೊಂಡಿತು. ಅಂದರೆ ವಂಶದ ಪೆಟ್ಟು ಜೋರಾಗಿ ಬೀಳುವುದು ದುಡಿಯುವ ವಯಸ್ಸಿನವರ ಮೇಲೆ. ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿ ಬರುವವರು, ಕಬ್ಬು ಕಡಿಯುವ ಗ್ಯಾಂಗಿನವರು ತಮಗೆ ಏನೂ ಆಗುವುದಿಲ್ಲವೆಂದು ನಂಬಿರುವ ವಯಸ್ಸು ಅದು.

ಆದರೂ ಈ ತುಣುಕಿನ ಮೇಲೆ ಎಲ್ಲ ಭಾರ ಹೊರಿಸುವುದು ತಪ್ಪು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜ್ಞಾನೇಶ್ವರ ಚೌಬೆ ಮತ್ತು ಸಂಗಡಿಗರು 2021ರಲ್ಲಿ ದಕ್ಷಿಣ ಏಷ್ಯಾದ ಜನಸಮುದಾಯಗಳಲ್ಲಿ ಇದರ ಪ್ರಮಾಣವನ್ನೂ ಕೋವಿಡ್ ಸೋಂಕು, ಸಾವುಗಳ ಲೆಕ್ಕವನ್ನೂ ಹೋಲಿಸಿ ನೋಡಿದರು, ನಂಟು ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಎಚ್ಚರಿಕೆ ಕೊಡುವುದು ನ್ಯಾಯವಲ್ಲ. ಆದರೆ ಅವರಿಗೆ ಸಿಕ್ಕ ಸಾವಿನ ಲೆಕ್ಕ ಎಂಥದ್ದು? 2021ರ ಕೊನೆಯವರೆಗೆ ದೇಶದಲ್ಲಿ ದಾಖಲಾದ ಕೋವಿಡ್ ಸಾವು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಲೆಕ್ಕದಲ್ಲೇ ಇಷ್ಟು ಅಂತರವಿರುವಾಗ ರಾಜ್ಯಗಳ ಸರಾಸರಿ ಹಿಡಿದು ಒಬ್ಬೊಬ್ಬರ ಅಪಾಯ ಅಳೆಯಲಾಗದು. ಒಳ್ಳೆಯದನ್ನು ಕೊಟ್ಟ ನಿಯಾಂಡರ್ತಾಲ್ ತುಣುಕೂ ಒಂದಿದೆ. ಹನ್ನೆರಡನೇ ವರ್ಣತಂತುವಿನಲ್ಲಿರುವ ಅದು ತೀವ್ರ ಕೋವಿಡ್‌ನ ಸಂಭವವನ್ನು ಸುಮಾರು ಶೇ 22ರಷ್ಟು ತಗ್ಗಿಸುತ್ತದೆ.

ಮೂರನೇ ವರ್ಣತಂತುವಿನ ಆ ತುಣುಕಿಗಿಂತ ಅಪರೂಪವಾದ, ಆದರೆ ಬಹಳ ಕ್ರೂರವಾದ ದೋಷಗಳು ಬೇರೆ ಇವೆ. ನಮ್ಮ ಕಡೆಗೆ ಹೆಚ್ಚು ಅನ್ವಯಿಸುವುದು ಅವೇ ಎಂದು ನನಗನಿಸುತ್ತದೆ. 2020ರಲ್ಲಿ ನೆದರ್ಲ್ಯಾಂಡ್ಸ್‌ನ ಎರಡು ಕುಟುಂಬಗಳಿಂದ ಇಬ್ಬಿಬ್ಬರು ಅಣ್ಣತಮ್ಮಂದಿರು ತೀವ್ರ ನಿಗಾ ಘಟಕ ಸೇರಿದರು. ವಯಸ್ಸು 21ರಿಂದ 32. ಮೊದಲೇ ಯಾವ ಕಾಯಿಲೆಯೂ ಇರಲಿಲ್ಲ. ನಾಲ್ವರಲ್ಲಿ ಒಬ್ಬರು ತೀರಿಕೊಂಡರು. ನಾಲ್ವರಲ್ಲೂ ಟಿಎಲ್‌ಆರ್7 ಎಂಬ ಜೀನ್ ಕೆಟ್ಟಿತ್ತು. ವೈರಾಣು ಹೊಕ್ಕಿದ್ದನ್ನು ಗುರುತಿಸಿ ಇಂಟರ್‌ಫೆರಾನ್ ಎಂಬ ಮೊದಲ ಕಾವಲನ್ನು ಎಬ್ಬಿಸುವುದು ಆ ಜೀನ್‌ನ ಕೆಲಸ. ಅದು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಸಾಗುತ್ತದೆ, ಗಂಡಿಗೆ ಇರುವುದು ತಾಯಿ ಕೊಟ್ಟ ಒಂದೇ. ಆದ್ದರಿಂದ ಒಬ್ಬ ಯುವಕ ಹೀಗೆ ಮಲಗಿದರೆ ಅವನ ತಮ್ಮನಿಗೆ, ಅವನ ತಾಯಿಯ ಅಕ್ಕತಂಗಿಯರ ಗಂಡುಮಕ್ಕಳಿಗೆ ಅದೇ ಅಪಾಯವಿದೆಯೇ ಎಂದು ಕೇಳಬೇಕು. ನಮ್ಮಲ್ಲಿ ಎಷ್ಟು ವಾರ್ಡುಗಳಲ್ಲಿ ಹೀಗೆ ಕೇಳುತ್ತಾರೆ?

ಮಕ್ಕಳ ವಿಷಯ ಇನ್ನೂ ಗಂಭೀರ. ಕೋವಿಡ್ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 112 ಮಕ್ಕಳನ್ನು ಪರೀಕ್ಷಿಸಿದ 2022ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹನ್ನೆರಡು ಮಕ್ಕಳಿಗೆ ಇಂಟರ್‌ಫೆರಾನ್ ವ್ಯವಸ್ಥೆಯ ಹುಟ್ಟುದೋಷವಿತ್ತು. ಟಿಎಲ್‌ಆರ್7 ಬಿಟ್ಟರೆ ಆ ದೋಷಗಳು ಕಾಣಿಸಿಕೊಳ್ಳುವುದು ಕೆಟ್ಟ ಪ್ರತಿ ತಂದೆಯಿಂದಲೂ ತಾಯಿಯಿಂದಲೂ ಬಂದಾಗ ಮಾತ್ರ. ಇದಕ್ಕೂ ಮೊದಲು, ಫ್ಲೂನಿಂದ ವೆಂಟಿಲೇಟರ್ ಸೇರಿದ್ದ ಫ್ರಾನ್ಸಿನ ಎರಡೂವರೆ ವರ್ಷದ ಮಗುವಿನಲ್ಲಿ ಐಆರ್‌ಎಫ್7 ಜೀನ್ ಹೀಗೇ ಎರಡೂ ಕಡೆಯಿಂದ ಕೆಟ್ಟಿದ್ದು 2015ರಲ್ಲಿ ವರದಿಯಾಗಿತ್ತು.

ಇಲ್ಲಿಗೆ ನಮ್ಮ ಮದುವೆಗಳ ಮಾತು ಬರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಆಸ್ತಿಗಾಗಿ ಮಾತ್ರ ಉಳಿದ ಪದ್ಧತಿಯಲ್ಲ. ಮಗಳು ಕಣ್ಣಳತೆಯಲ್ಲಿರಲಿ, ಗೊತ್ತಿದ್ದ ಮನೆ ಸೇರಲಿ ಎಂಬ ಪ್ರೀತಿಯೂ ಅದರಲ್ಲಿದೆ. ಅದನ್ನು ಹೀಯಾಳಿಸುವ ವೈದ್ಯರನ್ನು ನಾನು ಒಪ್ಪುವುದಿಲ್ಲ. ಆದರೆ ಲೆಕ್ಕವನ್ನು ನೋಡದೆ ಇರಲಾಗದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಅವರ ತಂಡ ನೋಡಿದ ಮದುವೆಗಳಲ್ಲಿ ಮೂರರಲ್ಲಿ ಒಂದರಷ್ಟು ರಕ್ತಸಂಬಂಧದೊಳಗಿನವು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ಶೇ 27ರ ಸುಮಾರಿಗಿದೆ. ಸೋದರಮಾವ ಮತ್ತು ಸೋದರಸೊಸೆಯ ಡಿಎನ್‌ಎಯಲ್ಲಿ ಕಾಲುಭಾಗ ಒಂದೇ ಆಗಿರುತ್ತದೆ. ಅಜ್ಜಿಯಲ್ಲಿ ಅಡಗಿದ್ದ ಒಂದು ಕೆಟ್ಟ ಪ್ರತಿ ಎರಡು ದಾರಿಯಿಂದ ಬಂದು ಮರಿಮಗುವಿನಲ್ಲಿ ಸೇರಲು ಇದು ಸಾಕು.

ರಕ್ತಸಂಬಂಧ ಬೇಡವೆಂದು ದೂರದ ಊರಿನಿಂದ ಹೆಣ್ಣು ತಂದರೂ ಜಾತಿ ಒಂದೇ ಆಗಿದ್ದರೆ ಅಪಾಯ ಪೂರ್ತಿ ಹೋಗುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಖ್ ಮತ್ತಿತರರು 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿದಾಗ, 81 ಸಮುದಾಯಗಳು ಫಿನ್ಲೆಂಡಿನವರಿಗಿಂತಲೂ ಕಿರಿದಾದ ಪೂರ್ವಜರ ಗುಂಪಿನಿಂದ ಬಂದದ್ದು ತಿಳಿಯಿತು. ಅವರೇ ಕೊಟ್ಟ ಉದಾಹರಣೆ ವೈಶ್ಯರದು. ಉಸಿರುನಳಿಕೆ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಮದ್ದನ್ನು ಕರಗಿಸುವ ಕಿಣ್ವದ ಕೊರತೆ ಆ ಸಮುದಾಯದಲ್ಲಿ ಹೆಚ್ಚು. ಕೆಲವು ನಿಮಿಷದ ಸಡಿಲಿಕೆ ಗಂಟೆಗಟ್ಟಲೆ ಎಳೆಯಬಹುದು. ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿದಿದ್ದರೆ ಬೇರೆ ಮದ್ದು ಬಳಸುತ್ತಾರೆ. ತಿಳಿವಳಿಕೆಯೊಂದರಿಂದಲೇ ಜೀವ ಉಳಿಯುವ ಸಂಗತಿಯಿದು.

ದಾರಿ ತೆರೆದಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್‌ಇಂಡಿಯಾ ಯೋಜನೆ 83 ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ದೊಡ್ಡ ಕೆಲಸ. ಆದರೆ ನಮ್ಮ ದೇಶದಲ್ಲಿ ಒಳಗೊಳಗೇ ಮದುವೆಯಾಗುವ ಗುಂಪುಗಳು ಸಾವಿರಾರು. ಕಲ್ಯಾಣ ಕರ್ನಾಟಕದ ಸಮುದಾಯಗಳನ್ನು ಹುಡುಕಿಕೊಂಡು ಬಂದು ಮಾದರಿ ತೆಗೆದುಕೊಳ್ಳಬೇಕೆಂದು ಒತ್ತಾಯಿಸುವುದು ಕಲಬುರಗಿಯ ವೈದ್ಯಕೀಯ ಕಾಲೇಜುಗಳ, ವಿಶ್ವವಿದ್ಯಾಲಯಗಳ ಹೊಣೆ.

ಅದಕ್ಕಾಗಿ ಊರು ಕಾಯಬೇಕಿಲ್ಲ. ಭಾರತದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ಕಲಬುರಗಿಯ 76 ವರ್ಷದ ಹಿರಿಯರದು, 2020ರ ಮಾರ್ಚ್ 10ರಂದು. ಅದು ಕೋವಿಡ್ ಎಂದು ಖಚಿತವಾದದ್ದು ಮಾರ್ಚ್ 12ರಂದು. ದುಬಾರಿ ಪರೀಕ್ಷೆ ಯಾವಾಗಲೂ ತಡವಾಗಿಯೇ ಬರುತ್ತದೆ, ಪ್ರಶ್ನೆಯೊಂದನ್ನು ಕೇಳಲು ಖರ್ಚಿಲ್ಲ. ಆಶಾ ಕಾರ್ಯಕರ್ತೆಯರ ಮನೆಮನೆ ಸಮೀಕ್ಷೆಗೆ ಎರಡು ಸಾಲು ಸೇರಲಿ: ಈ ಮನೆತನದಲ್ಲಿ ಐವತ್ತರೊಳಗಿನವರು ಯಾರಾದರೂ ಕೋವಿಡ್, ಫ್ಲೂ, ನ್ಯುಮೋನಿಯಾದಿಂದ ಆಮ್ಲಜನಕದ ಮೇಲಿದ್ದರೇ, ತೀರಿಕೊಂಡರೇ? ಗಂಡಹೆಂಡತಿ ಮೊದಲೇ ಸಂಬಂಧಿಕರೇ? ಎರಡಕ್ಕೂ ಹೌದೆಂದ ಮನೆಗಳ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಲಿ. ಜಾತಿಯ ಹೆಸರಿನಲ್ಲಿ ಅದು ಊರಲ್ಲಿ ಹರಡಬಾರದು, ಹೆಣ್ಣು ನೋಡಲು ಬಂದವರ ಕೈಗೆ ಸಿಗಬಾರದು. ಇದು ಮೊದಲ ಷರತ್ತು.

ಅಂಥ ಮನೆಯವರಿಗೆ ಹೇಳಬೇಕಾದ್ದು ಇಷ್ಟು. ಫ್ಲೂ ಲಸಿಕೆಯನ್ನು ಅಜ್ಜಿಗೆ ಮಾತ್ರವಲ್ಲ, ಮೂವತ್ತರ ಮಗನಿಗೂ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಿ. ಜ್ವರ ಕೆಮ್ಮು ಬಂದಾಗ ಬೆರಳಿಗೆ ಆಕ್ಸಿಮೀಟರ್ ಹಚ್ಚಿ ನೋಡಿ, ಆಮ್ಲಜನಕದ ಮಟ್ಟ 94ಕ್ಕಿಂತ ಇಳಿದರೆ ಊರಿನ ಇಂಜೆಕ್ಷನ್ ಹಾಕಿಸಿ ಮನೆಯಲ್ಲಿ ಮಲಗಿಸಬೇಡಿ, ಅಫಜಲಪುರಕ್ಕೋ ಕಲಬುರಗಿಗೋ ಹೊರಡಿ. ದವಾಖಾನೆಯಲ್ಲಿ ಮೊದಲ ಮಾತಿಗೇ ಮನೆತನದ ಚರಿತ್ರೆ ಹೇಳಿ. ಗಾಣಗಾಪುರದ ಹುಣ್ಣಿಮೆ ಜಾತ್ರೆಗೆ ಹೋಗಿ ಬಂದ ಮರುವಾರ ಕೆಮ್ಮು ಶುರುವಾದರೆ ಇದನ್ನೆಲ್ಲ ಅಂದೇ ಮಾಡಿ. ದಮ್ಮು ಹತ್ತಿದ ಮೇಲೆ ಭೀಮೆಯ ದಂಡೆಯಿಂದ ಕಲಬುರಗಿಯ ವೆಂಟಿಲೇಟರ್‌ವರೆಗಿನ ದಾರಿ ಬಹಳ ಉದ್ದ.